ಸಂಜೀವಯ್ಯನ ಕೈಗುಣ

ರುದ್ರಮ್ಮ ಗಂಡ ಸಂಜೀವಯ್ಯನ ಬಲಗೈಯನ್ನು ಬಿಳಿ ಬಟ್ಟೆಯಿಂದ ಹೊರಗೆಳೆದು ಎದೆಯ ಮೇಲಿಟ್ಟಳು.

"ಒಳಗಿಡಿ ಅತ್ತಿಗೆ, ಬಂದೋರು ಏನನ್ಕೋತಾರೆ," ಅಂದಳು ನಾದಿನಿ ಯಲ್ಲಮ್ಮ.

"ಅನ್ಕೊಳ್ಲಿ. ಐದು ವರ್ಷದಿಂದ ಈ ಕೈನ ಆಡ್ಕೊಂಡಿದ್ದೇ ಆಡ್ಕೊಂಡಿದ್ದು. ಇವತ್ತು ಚಕ್ರಪಾಣಿ ಬರ್ತಾರಂತೆ. ಕಣ್ತುಂಬ ನೋಡ್ಕೊಂಡು ಹೋಗ್ಲಿ."

ಹೊಸಕೆರೆಹಳ್ಳಿಯ ಓಣಿಗೆ ಅಡ್ಡಲಾಗಿ ಶಾಮಿಯಾನ ಎದ್ದಿತ್ತು. ಹೆಣದ ತಲೆದೆಸೆಯಲ್ಲಿ ಬುದ್ಧನ ಪಟ, ಎರಡು ಮೇಣದಬತ್ತಿ. ಚಕ್ರಪಾಣಿ ಎಂದರೆ ಜಯನಗರದ ಪ್ರೆಸ್ಸಿನ ಮಾಲೀಕರು. ಸಂಜೀವಯ್ಯ ಅಲ್ಲಿಗೆ ಕಾಗದ ಹೊರಲು ಸೇರಿ, ನೋಡಿ ನೋಡಿಯೇ ಕಂಪ್ಯೂಟರ್ ಕಲಿತು, ಡಿಟಿಪಿ ಆಪರೇಟರ್ ಆಗಿದ್ದ.

*

2001ರಲ್ಲಿ ಪ್ರೆಸ್ಸಿಗೆ ಹೊಸ ಸಾಫ್ಟ್‌ವೇರ್ ಬಂತು. ಮಿಕ್ಕವರಿಗೆಲ್ಲ ಸರಿಯಾಗಿ ನಡೆಯಿತು. ಸಂಜೀವಯ್ಯ ಕೂತರೆ ಮಾತ್ರ ಒತ್ತಕ್ಷರಗಳೆಲ್ಲ ಚೌಕ ಚೌಕ. ಇಂಜಿನಿಯರು ಮೂರು ಸಲ ಅಳಿಸಿ ಹೊಸದಾಗಿ ಹಾಕಿದ. ಊಹೂಂ.

"ಕಂಪ್ಯೂಟರ್‌ಗೇನೂ ಆಗಿಲ್ಲ," ಅಂದರು ಚಕ್ರಪಾಣಿ, ಎಲ್ಲರೆದುರು. "ಇವನ ಕೈಗುಣ. ಮುಟ್ಟಿದ್ದೆಲ್ಲ ಕೆಡುತ್ತೆ. ನಾಳೆಯಿಂದ ಕಾಗದ ಹೊರು."

ಸಂಜೀವಯ್ಯ ಯಾವ ಕೇರಿಯವನೆಂದು ಎಲ್ಲರಿಗೂ ಗೊತ್ತಿತ್ತು; ಆ ಮಾತು ಅವನ ಕೈಗೇ ಯಾಕೆ ಬಂತೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಅವನು ಎದ್ದು ಕುರ್ಚಿ ಎಳೆದ.

"ಬನ್ನಿ ಸಾರ್. ನನ್ನ ಲಾಗಿನ್ನಲ್ಲಿ ನೀವೇ ಟೈಪ್ ಮಾಡಿ."

ಚಕ್ರಪಾಣಿ ಕುಟ್ಟಿದರು. ಪರದೆ ತುಂಬ ಚೌಕ.

"ಈಗ ಯಾರ ಕೈಗುಣ ಸಾರ್? ಪ್ರೋಗ್ರಾಂ ಹೊಸದೇ. ಆದ್ರೆ ನನ್ನ ಲಾಗಿನ್ನಲ್ಲಿ ಹಳೇ ಸೆಟ್ಟಿಂಗ್ ಫೈಲು ಹಾಗೇ ಕೂತಿದೆ. ಎಷ್ಟು ಸಲ ಹೊಸದು ಹಾಕಿದ್ರೂ ಮೊದ್ಲು ಅದನ್ನೇ ಓದ್ಕೊಳುತ್ತೆ."

ಫೈಲನ್ನು ಅಳಿಸಿದ. ಒತ್ತಕ್ಷರಗಳು ನೆಟ್ಟಗೆ ನಿಂತವು. ಚಕ್ರಪಾಣಿ ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡರು. ತಪ್ಪಾಯಿತು ಅನ್ನಲಿಲ್ಲ. ಆಮೇಲೆ ಪ್ರೆಸ್ಸಿನಲ್ಲಿ ಫ್ಯೂಸು ಹೋದರೂ ಸಂಜೀವಯ್ಯನ ಕೈಗುಣವೇ.

*

ಹನ್ನೊಂದಕ್ಕೆ ಚಕ್ರಪಾಣಿ ಬಂದರು. ಮಾರು ದೂರದಲ್ಲೇ ನಿಂತು, "ಒಳ್ಳೆ ಕೆಲಸಗಾರ," ಅಂದು ಹೂವು ಎಸೆಯಲು ಕೈಯೆತ್ತಿದರು.

"ಎಸೀಬೇಡಿ ಸಾರ್," ಅಂದಳು ರುದ್ರಮ್ಮ. "ಹತ್ರ ಬನ್ನಿ. ಅವ್ರ ಕೈಲಿಡಿ."

ಯಲ್ಲಮ್ಮ ಸೆರಗು ಜಗ್ಗಿದಳು. ರುದ್ರಮ್ಮ ಕದಲಲಿಲ್ಲ. "ಇವತ್ತು ಏನೂ ಕೆಡಲ್ಲ ಸಾರ್. ಮುಟ್ಟಿ."

ಓಣಿಯೆಲ್ಲ ನೋಡುತ್ತಿತ್ತು. ಚಕ್ರಪಾಣಿ ಬಗ್ಗಿ, ಆ ತಣ್ಣನೆಯ ಅಂಗೈಯಲ್ಲಿ ಹೂವಿಟ್ಟರು. ರುದ್ರಮ್ಮ ಅವರ ಕೈಯ ಮೇಲೆ ತನ್ನ ಕೈಯೊತ್ತಿ ಒಂದು ಗಳಿಗೆ ಹಿಡಿದಳು. ಅಷ್ಟು ಹೊತ್ತಿನಿಂದ ತಡೆದಿದ್ದ ಅಳು ಆಗ ಬಂತು.

ಕೈ ಬಿಡಿಸಿಕೊಂಡವರೇ ಚಕ್ರಪಾಣಿ ಗೇಟಿನ ಬಳಿ ತುಂಬಿಟ್ಟಿದ್ದ ನೀರಿನ ಬಕೆಟ್ಟಿನತ್ತ ನಡೆದರು. ರುದ್ರಮ್ಮ ಕಣ್ಣೊರೆಸಿಕೊಳ್ಳುತ್ತಲೇ ಅವರನ್ನು ದಾಟಿ ಹೋಗಿ ಬಕೆಟ್ಟನ್ನು ಬೋರಲು ಹಾಕಿದಳು.

ನೀರು ಓಣಿಯ ಇಳಿಜಾರಿಗೆ ಹರಿದು ಹೋಯಿತು. ಬಲಗೈಯನ್ನು ಅಂಗಿಗೆ ತಾಗದಂತೆ ದೂರ ಹಿಡಿದುಕೊಂಡು ಚಕ್ರಪಾಣಿ ಅಲ್ಲೇ ನಿಂತಿದ್ದರು.