ಮಂಚದ ಕಾಲು ಸ್ಪಷ್ಟವಿತ್ತು

"ಕೈ ಯಾಕ ಅಷ್ಟು ನಡಗತಾವ ನಿಂದು? ನಾಯಿ ಫೋಟೋ ಕಳಸಂದ್ರ ಹೊಗಿ ಫೋಟೋ ಕಳಸೀಯಲ್ಲ!"

ಬಿಂದುಮಾಧವ ಔರಂಗಾಬಾದಿನಿಂದ ಫೋನಿನಲ್ಲಿ ಒದರುತ್ತಿದ್ದ. ಇವತ್ತಿನ ಸಂಭಾಜಿನಗರವೇ ಅದು. ಆಗ ಎಲ್ಲರ ಬಾಯಲ್ಲೂ ಔರಂಗಾಬಾದು. ಬ್ಯಾಂಕಿನವರು ಅವನನ್ನು ನಾಸಿಕದಿಂದ ಅಲ್ಲಿಗೆ ಎತ್ತಿ ಹಾಕಿದ್ದರು. ಮಗಳು ಪ್ರಾಚಿಯ ಶಾಲೆ ನಡುವೆ ತಪ್ಪಬಾರದೆಂದು ಹೆಂಡತಿ ಸುಮನ ನಾಸಿಕದ ಬಾಡಿಗೆ ಮನೆಯಲ್ಲೇ ಉಳಿದಿದ್ದಳು. ಹೊಸ ಕ್ಯಾಮೆರಾವೂ ಅಲ್ಲೇ ಉಳಿದಿತ್ತು. ಮಗಳ ಫೋಟೋ, ನಾಯಿಯ ಫೋಟೋ ಆಗಾಗ ಮೇಲ್ ಮಾಡಬೇಕು, ಅದೂ ಆಟೋ ಮೋಡಿನಲ್ಲಿಟ್ಟು ಅಲ್ಲ, ಕಲಿತು ತೆಗೆಯಬೇಕು ಅನ್ನುವುದು ಅವನ ಹಟ.

"ಅಪರ್ಚರ್ ಅಂದ್ರ ಕಿಡಕಿ ಎಷ್ಟು ತಗದೀ ಅನ್ನೂದು. ಶಟರ್ ಅಂದ್ರ ಎಷ್ಟು ಹೊತ್ತು ತಗದೀ ಅನ್ನೂದು. ಐಎಸ್‌ಒ ಅಂದ್ರ ಒಳಗ ಕೂತಾಂವನ ಕಣ್ಣು ಎಷ್ಟು ಚುರುಕು ಅನ್ನೂದು. ಇಷ್ಟ ತಿಳೀಲಿಕ್ಕೆ ಏನು ಪಿಎಚ್‌ಡಿ ಮಾಡಬೇಕೇನು?"

"ತಿಳದದ ಮಾರಾಯ್ರ. ನಿನ್ನೆಯಿಂದ ಅದು ಮಂಚದ ಕೆಳಗ ಸೇರಿಕೊಂಡದ. ಅಲ್ಲಿ ಕತ್ತಲಿ. ಕರಿ ನಾಯಿ, ಕರಿ ಕತ್ತಲಿ. ನಾ ಏನು ಮಾಡ್ಲಿ?"

"ಶಟರ್ ಇನ್ನೂ ನಿಧಾನ ಮಾಡು. ಫ್ಲ್ಯಾಶ್ ಹಾಕಬ್ಯಾಡ. ನಿನ್ನ ಕೈ ನಂಬಬ್ಯಾಡ, ಮಣಿ ಮ್ಯಾಲೆ ಇಟ್ಟು ಟೈಮರ್ ಹಾಕು."

ಭುಂಗಾ ಬೀದಿಯಿಂದ ಬಂದ ನಾಯಿ. ದುಂಬಿಯಂತೆ ಕರ್ರಗಿದೆಯೆಂದು ಪ್ರಾಚಿಯೇ ಇಟ್ಟ ಮರಾಠಿ ಹೆಸರು. ಸೂಜಿ ಹಾಕಿಸೋಣವೆಂದು ಸುಮನ ಅಂದಾಗಲೆಲ್ಲ ಬಿಂದುಮಾಧವ, "ಗುಂಡಕಲ್ಲಿನಂಗ ಅದ, ಅದಕ್ಕೇನಾಗತದ" ಎಂದು ತಳ್ಳಿಹಾಕಿದ್ದ. ಅವಳೂ ಸುಮ್ಮನಾಗಿದ್ದಳು.

ಊಟದ ಮಣೆಯನ್ನು ನೆಲಕ್ಕಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿದಳು. ಶಟರ್ ಕಾಲು ಸೆಕೆಂಡಿಗೆ ಇಳಿಸಿ, ಗುಂಡಿ ಒತ್ತಿ ಹಿಂದೆ ಸರಿದಳು. ಕ್ಲಿಕ್ಕೆಂದಿತು. ಹಿಂದಿನ ಪರದೆಯಲ್ಲಿ ನೋಡಿದರೆ ಮತ್ತೆ ಹೊಗೆ. ಇನ್ನೊಂದು ತೆಗೆದಳು. ಅದೂ ಹಾಗೇ. ಸಿಟ್ಟು ನೆತ್ತಿಗೇರಿತು. "ಸುಡ್ಲಿ ನಿಮ್ಮ ಕ್ಯಾಮೆರಾ!" ಎಂದು ಗೊಣಗುತ್ತ ಚಿತ್ರವನ್ನು ಹಿಗ್ಗಿಸಿ ನೋಡಿದಳು.

ಮಂಚದ ಕಾಲು ಸ್ಪಷ್ಟವಿತ್ತು. ಕಾಲಿನ ಮೇಲಿನ ಗೆದ್ದಲ ತೂತು ಸಹ ಎಣಿಸುವಷ್ಟು ಸ್ಪಷ್ಟ. ನಾಯಿಯ ಮುಂಗಾಲ ಉಗುರೂ ಸ್ಪಷ್ಟ. ಅದರ ದವಡೆಯೊಂದೇ ಯಾರೋ ಒದ್ದೆ ಬಟ್ಟೆಯಿಂದ ಒರೆಸಿದಂತೆ ಅಳಿಸಿಹೋಗಿತ್ತು.

ಹಿಂದಿನ ಚಿತ್ರ ನೋಡಿದಳು. ಅದರಲ್ಲೂ ದವಡೆಯೊಂದೇ.

ಹಾಗಾದರೆ ನಡುಗಿದ್ದು ತನ್ನ ಕೈಯಲ್ಲ. ಕ್ಯಾಮೆರಾ ಅಲುಗಿದ್ದರೆ ಮಂಚದ ಕಾಲೂ ಅಲುಗಬೇಕಿತ್ತು. ಮೆಲ್ಲಗೆ ಬಗ್ಗಿ ಬರಿಗಣ್ಣಿನಿಂದ ಕತ್ತಲೊಳಗೆ ನೋಡಿದಳು. ಕಣ್ಣು ಒಗ್ಗಿಕೊಳ್ಳಲು ಹೊತ್ತು ಹಿಡಿಯಿತು. ಭುಂಗಾನ ಕೆಳದವಡೆ ಜೋತುಬಿದ್ದು ಪಟಪಟ ಅದುರುತ್ತಿತ್ತು. ಜೊಲ್ಲು ಎಳೆಯಾಗಿ ನೆಲ ಮುಟ್ಟಿತ್ತು. ಅದು ಅವಳ ಕಡೆಗೇ ನೋಡುತ್ತಿತ್ತು, ಆದರೆ ಗುರುತು ಹಿಡಿದ ನೋಟವಲ್ಲ ಅದು.

ಅಷ್ಟರಲ್ಲಿ ಪ್ರಾಚಿ ಶಾಲೆಯಿಂದ ಬಂದವಳೇ ಚೀಲ ಒಗೆದು, ಬಿಸ್ಕತ್ತು ಹಿಡಿದು ಮಂಚದ ಕಡೆ ಮೊಣಕಾಲೂರಿದಳು.

"ಏಳು, ಪ್ರಾಚಿ! ಈ ಕಡೆ ಬಾ! ಬಾ ಅಂದೆ!"

ಸುಮನ ಅವಳ ರಟ್ಟೆ ಹಿಡಿದು ಹೊರಗೆಳೆದು, ಕೋಣೆಯ ಬಾಗಿಲು ಹಾಕಿ ಚಿಲಕ ಜಡಿದಳು. ಹುಡುಗಿ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಕೈ ತೋರಸು."

"ಕಾಹೀ ನಾಹೀ, ಆಯಿ." ಏನೂ ಇಲ್ಲವೆಂದು ಅಮ್ಮನಿಗೆ ಮರಾಠಿಯಲ್ಲೇ ಅಂದಳು.

"ತೋರಸ್ತೀಯೋ ಇಲ್ಲೋ?"

ತೋರುಬೆರಳ ಬುಡದಲ್ಲಿ ಸಣ್ಣ ಗೀರು, ಒಣಗಿ ಕಪ್ಪಾಗಿತ್ತು. "ಭುಂಗಾ ಕಚ್ಚಿಲ್ಲ ಆಯಿ, ಹಲ್ಲು ನುಸತಾ, ಸುಮ್ಮನ ತಾಗ್ತು. ರೊಟ್ಟಿ ಕೊಡಬೇಕಾದ್ರ. ಪರವಾ. ಹೇಳಿದ್ರ ಪಪ್ಪಾ ಅವನ್ನ ಹೊರಗ ಬಿಡ್ತಾರ ಅಂತ..."

ಪರವಾ ಅಂದರೆ ಮೊನ್ನೆ. ಮೊನ್ನೆಯಿಂದ ಈ ಕೂಸು ಅದೇ ಕೈಯಲ್ಲಿ ಉಂಡಿದೆ, ತನ್ನ ಮಗ್ಗುಲಲ್ಲೇ ಮಲಗಿದೆ.

ಸುಮನ ಅವಳನ್ನು ನಲ್ಲಿಯ ಕೆಳಗೆ ನಿಲ್ಲಿಸಿ ಸಾಬೂನು ಹಚ್ಚಿ ತಿಕ್ಕಿದಳು. ಹುಡುಗಿ ಉರಿ ಎಂದು ಚೀರಿದರೂ ಬಿಡಲಿಲ್ಲ. ಒಂದೇ ಕೈಯಲ್ಲಿ ಫೋನ್ ಒತ್ತಿದಳು.

"ಈಗರ ಬಂತೇನು ಫೋಟೋ?" ಅಂದ ಬಿಂದುಮಾಧವ.

"ಬಂತು. ನನ್ನ ಕೈ ನಡಗಿಲ್ರೀ. ನಾಯಿ ದವಡಿ ನಡಗ್ಲಿಕ್ಕೆ ಹತ್ತದ. ಜೊಲ್ಲು ಸುರೀತದ. ಪ್ರಾಚಿಗೆ ಅದರ ಹಲ್ಲು ತಾಗ್ಯದ, ಮೊನ್ನೆ."

"ಸುಮಾ... ನಾ ಸೂಜಿ..." ಅಂದ.

"ಆ ಮಾತು ಆಮ್ಯಾಲೆ. ನಾ ದವಾಖಾನಿಗೆ ಹೊಂಟೆ. ನೀವು ಸಿಕ್ಕ ಬಸ್ ಹತ್ತರಿ."

ದವಾಖಾನೆಯಲ್ಲಿ ಅವಳ ಮರಾಠಿ ಕೈಕೊಟ್ಟಿತು. ದವಡೆಗೆ ಏನನ್ನುತ್ತಾರೋ ಹೊಳೆಯಲಿಲ್ಲ. ಕ್ಯಾಮೆರಾವನ್ನೇ ಡಾಕ್ಟರ ಮುಂದೆ ಹಿಡಿದಳು. ಅವರು ಒಂದು ಚಿತ್ರ ನೋಡಿದರು, ಇನ್ನೊಂದು ನೋಡಿದರು, ಎದ್ದು ನಿಂತರು. ಗಾಯದ ಸುತ್ತಲೇ ಒಂದು ಮದ್ದು ಚುಚ್ಚಿ, ತೋಳಿಗೆ ಇನ್ನೊಂದು ಕೊಟ್ಟರು. ಉಳಿದ ಸೂಜಿಗಳಲ್ಲಿ ಒಂದನ್ನೂ ತಪ್ಪಿಸಬಾರದೆಂದರು.

"ಭುಂಗಾಗ ಇಂಜೆಕ್ಷನ್ ಯಾವಾಗ?" ಪ್ರಾಚಿ ಅಳುತ್ತಲೇ ಕೇಳಿದಳು. ಸುಮನ ಅವಳ ತೋಳಿನ ಹತ್ತಿಯನ್ನು ಒತ್ತಿ ಹಿಡಿದಳು.

ಮರುದಿನ ಪಶುವೈದ್ಯ ಬಂದು ಕಿಟಕಿಯಿಂದ ಇಣುಕಿ, ಇದು ಹುಚ್ಚೇ, ಬಾಗಿಲು ತೆಗೆಯಬೇಡಿ ಎಂದ. ಬಾಗಿಲು ತೆಗೆಯುವ ಹೊತ್ತಿಗೆ ಭುಂಗಾ ಉಳಿದಿರಲಿಲ್ಲ.

ಸೂಜಿಗಳೆಲ್ಲ ಮುಗಿದವು. ಇನ್ನು ಭಯವಿಲ್ಲ ಎಂದು ಡಾಕ್ಟರು ನಗುತ್ತ ಬೆನ್ನು ತಟ್ಟಿದರು. ಬಿಂದುಮಾಧವನೂ ನಂಬಿದ. ಸುಮನ ತಲೆಯಾಡಿಸಿದಳು. ನಾಯಿಯ ಹುಚ್ಚು ತಗುಲಿದವರ ಗಂಟಲಲ್ಲಿ ನೀರು ಇಳಿಯುವುದಿಲ್ಲ ಎಂದು ಅವಳು ಕೇಳಿದ್ದಳು. ಆದರೆ ಮಗಳು ನೀರಿನ ಲೋಟ ಎತ್ತಿದಾಗಲೆಲ್ಲ ಅವಳ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಆ ನೀರು ಮಗಳ ಗಂಟಲಲ್ಲಿ ಇಳಿದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವಳು ಉಸಿರು ಬಿಡುತ್ತಿದ್ದಳು.