ನಾಗದಾಳಿ ಎಣ್ಣೆ

ಅತ್ತಿಗುಪ್ಪೆಯ ಒಂದು ಮಹಡಿ ಮನೆಯ ಹಿಂದಿನ ಕೋಣೆಯಲ್ಲಿ ಕಲಾ ಬಹಳ ವರ್ಷಗಳಿಂದ ಒಬ್ಬಳೇ ಇದ್ದಳು. ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಅಂತ ಕೇಳುವವರೂ ಈಗ ಉಳಿದಿರಲಿಲ್ಲ. ಸೀರೆಗೆ ಫಾಲ್ ಹಾಕುವುದು, ಬ್ಲೌಸಿಗೆ ಹುಕ್ಕು ಹೊಲಿಯುವುದು ಅವಳ ಕೆಲಸ. ಸೀರೆ ಕೊಡಲು ಬಂದ ಹೆಂಗಸರು ಬಾಗಿಲಲ್ಲೇ ನಿಂತು, 'ಶುಕ್ರವಾರಕ್ಕೆ ಬೇಕು ಕಣ್ರೀ' ಅಂತ ಹೇಳಿ ಹೊರಡುತ್ತಿದ್ದರು. ಕೆಲವು ದಿನ ಅವಳ ಕಿವಿಗೆ ಬಿದ್ದ ಮಾತೆಲ್ಲ ಸೇರಿದರೂ ಅಷ್ಟೇ ಆಗುತ್ತಿತ್ತು.

ಬಾಗಿಲ ಪಕ್ಕ ಹಳೇ ಪೇಂಟ್ ಡಬ್ಬದಲ್ಲಿ ಒಂದು ನಾಗದಾಳಿ ಗಿಡವಿತ್ತು. ಬೂದಿ ಮಿಶ್ರಿತ ಹಸಿರಿನ ಪುಟಾಣಿ ಎಲೆ, ಮುಟ್ಟಿದರೆ ಮೂಗಿಗೆ ಹೊಡೆಯುವ ಘಾಟು. ಅದನ್ನು ಕೊಟ್ಟವರು ಸಿಸ್ಟರ್ ಪಾವೊಲಾ. ಇಟಲಿಯಿಂದ ಬಂದು ಕೆಂಗೇರಿ ಕಡೆಯ ಒಂದು ಕಾನ್ವೆಂಟಿನಲ್ಲೇ ಮುದುಕಿಯಾದವರು. ಹುಡುಗಿಯಾಗಿದ್ದಾಗ ಕಲಾ ಅಲ್ಲಿಗೆ ಹೊಲಿಗೆಗೆ ಹೋಗುತ್ತಿದ್ದಳು. ಸಿಸ್ಟರ್ ಆ ಗಿಡವನ್ನು 'ರೂತಾ' ಅನ್ನುತ್ತಿದ್ದರು. ಅವರೂರಲ್ಲಿ ಕೆಟ್ಟ ಕಣ್ಣು ಬೀಳಬಾರದು ಅಂತ ಅದನ್ನು ತೊಟ್ಟಿಲಿಗೆ ಕಟ್ಟುತ್ತಾರಂತೆ. ಹೊಟ್ಟೆ ನುಲಿತಕ್ಕೂ ಕಣ್ಣಿನ ದಣಿವಿಗೂ ಅದೇ ಔಷಧಿಯಂತೆ. ಹಾವಿನ ಮೇಲೆ ಬೀಳುವ ಮೊದಲು ಮುಂಗುಸಿಯಂಥ ಒಂದು ಪ್ರಾಣಿ ಆ ಸೊಪ್ಪು ಮೇಯುತ್ತದಂತೆ. 'ಅಯ್ಯೋ ಸಿಸ್ಟರ್, ನಮ್ಮಜ್ಜಿನೂ ಇದೇ ಕತೆ ಹೇಳೋರು!' ಅಂತ ಕಲಾ ನಕ್ಕಿದ್ದಳು. ಇನ್ನೊಂದು ದೇಶದಲ್ಲಿ ಕನ್ಯೆಯರು ಅದನ್ನು ಅಂಗಳದಲ್ಲಿ ಬೆಳೆಸಿ, ಕನ್ಯೆತನದ ಗುರುತಾಗಿ ಅದರ ಕಿರೀಟ ಮುಡಿದು, ಮದುವೆ ದಿನ ತಲೆಯಿಂದ ಇಳಿಸುತ್ತಾರೆ ಅಂತಲೂ ಸಿಸ್ಟರ್ ಹೇಳಿದ್ದರು. ಅವರು ತೀರಿಕೊಂಡರು. ಕಲಾ ಕೊಂಬೆ ಮುರಿದು ನೆಡುತ್ತ ಹೋದಂತೆ ಗಿಡ ಬದುಕಿಕೊಂಡು ಬಂತು.

ಮಹಡಿಯ ಮನೆಗೆ ರಾಣೆಬೆನ್ನೂರು ಕಡೆಯ ಶಿವಯೋಗಿ, ಚೇತನಾ ಬಾಡಿಗೆಗೆ ಬಂದಿದ್ದು ಎರಡು ಸಾವಿರದ ಆರರಲ್ಲಿ. ಅವನಿಗೆ ಕೊರಿಯರ್ ಕಂಪನಿಯಲ್ಲಿ ಕೆಲಸ. ಅವಳ ಕೈಯಲ್ಲಿ ಆರು ತಿಂಗಳ ಹೆಣ್ಣುಕೂಸು, ಲಕ್ಷ್ಮಿ. ಊರು ಹೊಸದು, ಚೇತನಾಗೂ ಮಾತಿಗೆ ಜನ ಬೇಕಿತ್ತು. 'ಅಕ್ಕಾರ, ಸ್ವಲ್ಪ ಕೂಸು ಹಿಡೀರಿ, ಅನ್ನಕ್ಕಿಟ್ಟು ಬರ್ತೀನಿ' ಅಂತ ಕೊಟ್ಟು ಹೋದರೆ, ಅನ್ನ ಆಗಿ ಸಾರು ಆದರೂ ಕಲಾ ಕೂಸು ಬಿಡುತ್ತಿರಲಿಲ್ಲ. ಕೂಸು ಅವಳ ಬಳೆ ಎಳೆಯುತ್ತಿತ್ತು, ಸೆರಗು ಚೀಪುತ್ತಿತ್ತು. ಒದ್ದೆಯಾದ ಆ ಸೆರಗನ್ನು ಅವಳು ಸಂಜೆಯವರೆಗೂ ಬದಲಿಸುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಕೂಸಿಗೆ ನೆಗಡಿಯಾಗಿ ಎದೆ ಕಟ್ಟಿತು. ಕಲಾ ನಾಗದಾಳಿ ಜಜ್ಜಿ, ಕೊಬ್ಬರಿ ಎಣ್ಣೆಗೆ ಹಿಂಡಿ, ಎದೆಗೂ ತೋಳಿಗೂ ಹಚ್ಚಿದಳು. ಎಳೆಬಿಸಿಲು ಒಳ್ಳೇದು ಅಂತ ಚೇತನಾ ಕೂಸನ್ನು ಟೆರೇಸಿನ ಮೇಲೆ ಮಲಗಿಸಿದಳು. ಎರಡು ದಿನ ಕಳೆದು ತೋಳಿನ ಮೇಲೆ ಕೆಂಪು ಬರೆ ಎದ್ದವು, ಆಮೇಲೆ ನೀರುಗುಳ್ಳೆ. ಕ್ಲಿನಿಕ್ಕಿನವರು ಅಲರ್ಜಿ ಅಂತ ಮುಲಾಮು ಬರೆದುಕೊಟ್ಟರು.

ಅಷ್ಟರಲ್ಲಿ ಊರಿಂದ ಶಿವಯೋಗಿಯ ತಾಯಿ ಹಾಲವ್ವ ಬಂದಿದ್ದಳು. ಮೆಟ್ಟಿಲ ಮೇಲೆ ನಿಂತೇ ಕೂಗಿದಳು: 'ಎಣ್ಣಿಗೆ ಗುಳ್ಳಿ ಏಳ್ತಾವೇನ? ಮಕ್ಕಳಿಲ್ಲದಾಕಿ ಕಣ್ಣು ಅದು! ದಿನಾ ತೊಡಿ ಮ್ಯಾಲ ಹಾಕ್ಕೊಂಡು ಕುಂದರ್ತಾಳಂತ.'

ಚೇತನಾ ಒಳಗಿದ್ದಳು. ಹೊರಗೆ ಬರಲಿಲ್ಲ. ಅವತ್ತಿನಿಂದ ಮಹಡಿಯ ಬಾಗಿಲು ಮುಚ್ಚಿಯೇ ಇರುತ್ತಿತ್ತು.

ಕಲಾ ಸೂಜಿ ಹಿಡಿದು ಕೂತರೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಕೂಸು ಮೇಲೆ ಅತ್ತಾಗೆಲ್ಲ ಎದ್ದು ನಿಲ್ಲುವಳು, ಮತ್ತೆ ಕೂರುವಳು. ಹೀಗೇ ಒಂದು ಮಧ್ಯಾಹ್ನ ಅವಳಿಗೆ ನೆನಪಾಯಿತು: ಸಿಸ್ಟರ್ ಪಾವೊಲಾ ರೂತಾ ಕೀಳುತ್ತಿದ್ದುದು ಹೊತ್ತು ಮುಳುಗಿದ ಮೇಲೆ, ಅದೂ ತೋಳು ಮುಚ್ಚಿಕೊಂಡು. ಅದೂ ಅವರ ಪೂಜೆಯ ಒಂದು ಪದ್ಧತಿ ಅಂದುಕೊಂಡಿದ್ದಳು. ಬೇರೆ ಕಾರಣ ಇದ್ದಿದ್ದರೆ?

ಮರುದಿನ ಬೆಳಿಗ್ಗೆ ಅದೇ ಎಣ್ಣೆಯನ್ನು ಮಾಡಿ ತನ್ನ ಎಡಗೈಗೆ ಮೊಣಕೈವರೆಗೂ ತಿಕ್ಕಿಕೊಂಡು ಹಿತ್ತಲಲ್ಲಿ ಬಿಸಿಲು ಏರುವವರೆಗೂ ಕೂತಳು.

ಆ ಸಂಜೆ ಏನೂ ಆಗಲಿಲ್ಲ. ಮಾರನೇ ಬೆಳಿಗ್ಗೆಯೂ ಚರ್ಮ ಹಾಗೇ ಇತ್ತು. ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಹಾಲವ್ವ ಹೇಳಿದ್ದೇ ನಿಜ ಇರಬಹುದೇ? ಆ ಕೂಸು ತನ್ನದಾಗಿದ್ದರೆ ಅಂತ ಎಷ್ಟು ಸಲ ಅಂದುಕೊಂಡಿರಲಿಲ್ಲ? ಅಂಥ ಆಸೆಗೇ ಕಣ್ಣು ಅನ್ನುತ್ತಾರೇನೋ. ಅವತ್ತು ಒಲೆ ಹಚ್ಚಲಿಲ್ಲ.

ಅದರ ಮಾರನೇ ದಿನ ಕೈ ಉರಿಯಿಂದ ಎಚ್ಚರವಾಯಿತು. ಕೂಸಿನ ತೋಳಲ್ಲಿ ಎದ್ದಂಥವೇ ಕೆಂಪು ಬರೆ, ನೀರುಗುಳ್ಳೆ. ಕಲಾ ಹಾಸಿಗೆಯ ಮೇಲೆ ಕೂತು ಜೋರಾಗಿ ಅತ್ತಳು. ನೋವಿಗಲ್ಲ, ಹಗುರಾಗಿ.

ಮೇಲೆ ಹೋಗಿ ಬಾಗಿಲು ತಟ್ಟಿದಳು. ತೆರೆದವಳು ಹಾಲವ್ವ. ಕಲಾ ಕೈ ಮುಂದೆ ಚಾಚಿದಳು.

'ಆ ಸೊಪ್ಪಿನ ರಸ ಮೈಮೇಲಿದ್ದಾಗ ಬಿಸಿಲು ಬಿದ್ರೆ ಹೀಗಾಗುತ್ತೆ ಅಮ್ಮಾ. ನಂಗೆ ಗೊತ್ತಿರ್ಲಿಲ್ಲ. ಹಚ್ಚಿದ್ದು ನಾನೇ, ತಪ್ಪು ನಂದೇ. ಆದ್ರೆ ಕಣ್ಣು ಹಾಕಿಲ್ಲ.'

ಹಾಲವ್ವ ಬಗ್ಗಿ ನೋಡಿದಳು. 'ಬೇಕಂತ ಸುಟ್ಕೊಂಡಿಯೇನ?'

'ಹೂಂ.'

'ಹುಚ್ಚಿ ಅದಿ ನೀ.' ಒಳಗೆ ಹೋಗಿ ಬೆಣ್ಣೆ ತಂದು, ಮೆಟ್ಟಿಲ ಮೇಲೇ ಕೂರಿಸಿ, ಗುಳ್ಳೆ ಒಡೆಯದಂತೆ ಬೆರಳ ತುದಿಯಲ್ಲಿ ಹಚ್ಚಿದಳು. ಅವಳ ಬೆರಳು ಒರಟು. ಯಾರಾದರೂ ಮುಟ್ಟಿ ಎಷ್ಟು ಕಾಲವಾಗಿತ್ತು ಅಂತ ಕಲಾ ಯೋಚಿಸಿದಳು. ಒಳಗೆ ಚೇತನಾ ಕೂಸನ್ನು ಎತ್ತಿಕೊಂಡು ನಿಂತಿದ್ದಳು, ಕಣ್ಣು ತುಂಬಿತ್ತು. ಆದರೆ ಯಾರೂ ಕೂಸನ್ನು ಕಲಾಳ ಕೈಗೆ ಕೊಡಲಿಲ್ಲ. ಅವಳೂ ಕೇಳಲಿಲ್ಲ.

ಸಂಕ್ರಾಂತಿ ಕಳೆಯುತ್ತಲೇ ಅವರು ದೀಪಾಂಜಲಿ ನಗರಕ್ಕೆ ಮನೆ ಬದಲಿಸಿದರು, ಶಿವಯೋಗಿಯ ಆಫೀಸು ಅಲ್ಲಿಗೆ ಹತ್ತಿರ ಅಂತ. ಕಲಾಳ ಕೈಯ ಬರೆಗಳು ಕಂದು ಕಲೆಗಳಾಗಿ ತಿಂಗಳುಗಟ್ಟಲೆ ಉಳಿದವು. ಸೀರೆ ಕೊಡಲು ಬಂದವರು ಕೇಳಿದರೆ, 'ಒಗ್ಗರಣೆ ಸಿಡೀತು' ಅನ್ನುತ್ತಿದ್ದಳು.

ಶ್ರಾವಣದಲ್ಲಿ ವಿಜಯನಗರ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಚೇತನಾ ಸಿಕ್ಕಳು. ಲಕ್ಷ್ಮಿ ತಾಯಿಯ ಬೆರಳು ಹಿಡಿದು ತನ್ನ ಕಾಲ ಮೇಲೆ ನಿಂತಿದ್ದಳು. ತೋಳಲ್ಲಿ ಕಲೆಯ ಗುರುತೂ ಇರಲಿಲ್ಲ.

'ಅಕ್ಕಾರ! ಹೆಂಗದೀರಿ? ನೋಡ್ರಿ, ನಡೀತಾಳ ಈಗ.'

ಕಲಾ ಬಗ್ಗಿ ಕೈ ಚಾಚಿದಳು. ಲಕ್ಷ್ಮಿ ಗುರುತು ಹಿಡಿಯದೆ ತಾಯಿಯ ಸೀರೆಯಲ್ಲಿ ಮುಖ ಮುಚ್ಚಿಕೊಂಡಳು. 'ಹೊಸಬರನ್ನ ಕಂಡ್ರ ಹಿಂಗ ರೀ' ಅಂದ ಚೇತನಾ, ಅಂದುಬಿಟ್ಟ ಮಾತಿಗೆ ತಾನೇ ಕುಗ್ಗಿ, 'ಮನೀಗೆ ಬರ್ರಿ ಅಕ್ಕಾರ, ಅತ್ತಿ ಊರಿಗೆ ಹೋಗ್ಯಾರ, ಒಂದು ಭಾನುವಾರ ಬರ್ರಿ' ಅಂತ ಮತ್ತೆ ಮತ್ತೆ ಹೇಳಿದಳು. 'ಬರ್ತೀನಿ ಕಣಮ್ಮ, ಖಂಡಿತ ಬರ್ತೀನಿ' ಅಂದಳು ಕಲಾ. ಬಸ್ಸು ಬಂತು, ಅವರು ಹತ್ತಿಕೊಂಡರು.

ಯಾವ ರಸ್ತೆ, ಯಾವ ಮನೆ ಅಂತ ಚೇತನಾ ಹೇಳಲಿಲ್ಲ, ತಾನೂ ಕೇಳಲಿಲ್ಲ ಅನ್ನುವುದು ಬಸ್ಸು ಸರ್ಕಲ್ ದಾಟಿದ ಮೇಲೆ ಕಲಾಗೆ ಹೊಳೆಯಿತು. ಅವಳು ಒಂದು ಮೊಳ ಕನಕಾಂಬರ ಕೊಂಡು, ಮುಡಿಯದೆ, ಕೈಯಲ್ಲೇ ಹಿಡಿದು ಅತ್ತಿಗುಪ್ಪೆಯ ಕಡೆ ನಡೆದಳು.