ನಾಲ್ಕು ವರ್ಷದ ಆದಮ್ಮನ ಕಣ್ಣಿನ ಪೊರೆ

೧೯೯೮ರಲ್ಲಿ ಸಿಂಧನೂರಿಗೆ ಕಂಪ್ಯೂಟರ್ ಬಂತು. ಅದಕ್ಕೆ ತಿಳಿಯದ್ದು ಯಾವುದೂ ಇಲ್ಲ ಎಂಬ ಸುದ್ದಿ ಅದಕ್ಕಿಂತ ಮೊದಲೇ ಬಂದಿತ್ತು. ಹಬ್ಬಿಸಿದವನು ಕಂಪ್ಯೂಟರ್ ಸೆಂಟರಿನ ಮೇಷ್ಟ್ರು ಹುಸೇನಪ್ಪ.

ಲಿಂಗಸುಗೂರಿನ ಕಣ್ಣಿನ ಶಿಬಿರಕ್ಕೆ ಬಳಗಾನೂರಿನ ಇನ್ನೂರ ಹದಿನಾಲ್ಕು ಜನರ ಪಟ್ಟಿ ಕಳಿಸಬೇಕಾಗಿತ್ತು. ಹಾಳೆಯಲ್ಲಿ ಬರೆದು ಕೊಟ್ಟಿದ್ದರೆ ಮುಗಿಯುತ್ತಿತ್ತು. ಅಷ್ಟು ಸುಲಭದ ಕೆಲಸಕ್ಕೆ ವಿದ್ಯಾವಂತನೇ ಏಕೆ ಬೇಕು? ಹುಸೇನಪ್ಪ ಎರಡು ಪ್ರೋಗ್ರಾಮ್ ಬರೆದ. ಮೊದಲನೆಯದು ಒಬ್ಬೊಬ್ಬರ ಹೆಸರು, ವಯಸ್ಸು, ಕಾಯಿಲೆಯನ್ನು ಸಾಲು ಸಾಲು ಅಕ್ಷರ ಮಾಡಿ ಫ್ಲಾಪಿಗೆ ಇಳಿಸುತ್ತಿತ್ತು. ಎರಡನೆಯದು ಆ ಅಕ್ಷರ ಓದಿ, ಹೆಸರಿಗೊಂದು ಖಾನೆ ಮಾಡಿ, ಮತ್ತೆ ಮನುಷ್ಯರನ್ನು ಕೂರಿಸುತ್ತಿತ್ತು. ಮಾವು, ಬಾಳೆ, ಪೇರಲ ಎಂದು ಹಣ್ಣುಗಳ ಪಟ್ಟಿ ಹಾಕಿ ಪರೀಕ್ಷೆಯನ್ನೂ ಮಾಡಿದ್ದ. ಹೋದ ಹಣ್ಣೆಲ್ಲ ಹೋದ ಹಾಗೇ ಬಂದಿದ್ದವು.

ಶಿಬಿರದ ದಿನ ಫ್ಲಾಪಿ ಜೇಬಿಗಿಟ್ಟು ಬಸ್ ಹತ್ತಿದ. ಲಿಂಗಸುಗೂರಿನಲ್ಲಿ ಶಿಬಿರದ ಕಂಪ್ಯೂಟರಿಗೆ ಫ್ಲಾಪಿ ಹಾಕಿ ಪಟ್ಟಿ ತೆಗೆದ ಗುಮಾಸ್ತ ಚಾಂದ್‌ಪಾಷಾ ಎಣಿಸಿ ನೋಡಿದ. ನೂರ ಮೂವತ್ತೊಂದು.

"ಸಾರ್, ಉಳಿದ ಎಂಬತ್ಮೂರು ಮಂದಿ ನಡುವ ಮಸ್ಕ್ಯಾಗ ಬಸ್ಸಿಳಿದ್ರೇನ್ರೀ?"

ಅಷ್ಟರಲ್ಲಿ ಗದ್ದೆಮ್ಮ ಕುರುಡಿ ಅತ್ತೆಯನ್ನು ಕೈಹಿಡಿದು ತಂದಳು. ಸೊಂಟದ ಮೇಲೆ ಮಗಳು.

"ಮುದುಕಿ ಹೆಸರೇನವ್ವಾ?" ಎಂದ ಚಾಂದ್‌ಪಾಷಾ.

"ಅತ್ತಿ ಹೆಸರು ನಾ ಹೆಂಗ ಹೇಳ್ಲಿರೀ? ಇಕಿ ಹೆಸರೇ ಅವರ್ದು" ಎಂದು ಮಗಳನ್ನು ತೋರಿಸಿದಳು.

"ನಾ ಆದಮ್ಮ!" ಎಂದಿತು ಮಗು.

ಚಾಂದ್‌ಪಾಷಾ ಹುಡುಕಿದ. "ಒಬ್ಬಾಕೆ ಅದಾಳ. ಆದಮ್ಮ, ವಯಸ್ಸು ನಾಲ್ಕು, ಎರಡೂ ಕಣ್ಣಿಗೆ ಪೊರೆ. ಈ ಕೂಸಿಗೇ ಆಪರೇಷನ್ ಮಾಡಾಣೇನ್ರೀ?"

"ನನ್ನ ಹೆಸರು ಇಲ್ಲೇನು?" ಮುದುಕಿ ಬಾಗಿಲಿನತ್ತ ಕೈಚಾಚಿ ಕೇಳಿದಳು. ಪಟ್ಟಿಯಲ್ಲಿಲ್ಲದವರನ್ನು ಡಾಕ್ಟರು ಒಳಗೆ ಬಿಡುತ್ತಿರಲಿಲ್ಲ. ನಾಲ್ಕಕ್ಕೆ ಅವರು ಹೊರಟರೆ ಮತ್ತೆ ಶಿಬಿರ ಬರುವ ವರ್ಷವೇ. ಗಡಿಯಾರದಲ್ಲಿ ಮೂರು.

ಹುಸೇನಪ್ಪ ಕಂಪ್ಯೂಟರಿನ ಮುಂದೆ ಕೂತ. ಫ್ಲಾಪಿಯ ಸಾಲು ತೆರೆದು ನೋಡಿದ. ಇಬ್ಬರೂ ಇದ್ದರು. ಓದುವಾಗ ಮಾತ್ರ ಎರಡನೆಯ ಪ್ರೋಗ್ರಾಮ್, ಹೆಸರು ಒಂದೇ ಎಂದು, ಅಜ್ಜಿಯ ಖಾನೆಯಲ್ಲೇ ಮೊಮ್ಮಗಳನ್ನು ಕೂರಿಸಿತ್ತು. ಮಗುವಿನ ವಯಸ್ಸು ಅಜ್ಜಿಯ ವಯಸ್ಸನ್ನು ಅಳಿಸಿತ್ತು. ಬರೇ ಕಣ್ಣು ತೋರಿಸಲು ಬಂದ ಮಗುವಿಗೆ ಕಾಯಿಲೆಯ ಜಾಗ ಖಾಲಿಯಿದ್ದುದರಿಂದ ಅಜ್ಜಿಯ ಪೊರೆಯೇ ಉಳಿದಿತ್ತು.

"ಒಂದೇ ಊರಾಗ ಒಂದೇ ಹೆಸರು ಇಷ್ಟು ಮಂದಿಗೆ ಯಾಕ ಇಡ್ತೀರವ್ವಾ?" ಎಂದು ರೇಗಿದ.

ಮುದುಕಿ ದನಿ ಬಂದತ್ತ ತಿರುಗಿದಳು. "ನಿನಗ ಯಾರ ಹೆಸರಿಟ್ಟಾರಪ್ಪಾ?"

"...ನಮ್ಮಜ್ಜಂದು."

"ಹಂಗಾದ್ರ ನಿಮ್ಮ ಮನ್ಯಾಗ ನಿನ್ನ ಮಿಷನ್ನು ಯಾರನ್ನ ಉಳಿಸ್ತೈತಿ?"

ಚಾಂದ್‌ಪಾಷಾ ಕೆಮ್ಮಿನಂಥದ್ದೇನೋ ಕೆಮ್ಮಿದ. ಬಾಳೆಹಣ್ಣಿಗೆ ಅದರಜ್ಜಿಯ ಹೆಸರು ಯಾರೂ ಇಡುವುದಿಲ್ಲ ಎಂಬುದು ಹುಸೇನಪ್ಪನಿಗೆ ಆಗ ಹೊಳೆಯಿತು. ಬಾಯಿ ಮುಚ್ಚಿಕೊಂಡು ಪ್ರೋಗ್ರಾಮ್ ತಿದ್ದಿದ: ಖಾನೆ ಹೆಸರಿಗಲ್ಲ, ಒಬ್ಬೊಬ್ಬರಿಗೂ ಕೊಟ್ಟ ಬೇರೆ ಬೇರೆ ನಂಬರಿಗೆ. ಮೂರೂಮುಕ್ಕಾಲಿಗೆ ಪ್ರಿಂಟರು ಕಿರುಗುಟ್ಟುತ್ತ ಇನ್ನೂರ ಹದಿನಾಲ್ಕೂ ಮಂದಿಯನ್ನು ಹೆತ್ತಿತು.

ನರ್ಸು ಬಾಗಿಲಲ್ಲಿ ನಿಂತು ಕೂಗಿದಳು: "ಆದಮ್ಮ!"

"ಓ!" ಎಂದರು ಅಜ್ಜಿ, ಮೊಮ್ಮಗಳು, ಹಿಂದಿನ ಬೆಂಚಿನಿಂದ ಇನ್ನೂ ಮೂವರು.

"ಸಿಸ್ಟರ್, ನಿಮ್ಮ ಕಾಲಿಗೆ ಬೀಳ್ತೀನಿ" ಎಂದ ಹುಸೇನಪ್ಪ, "ನಂಬರ್ ಹೇಳಿ ಕರೀರಿ."